ಬಲಗಾಲಿನ ತೂತು

ಶವಪೆಟ್ಟಿಗೆಯ ನಾಲ್ಕನೇ ಹಿಡಿಗೆ ಗುಬ್ಬಿ ಕೈ ಚಾಚಿದ. ಕಾರ್ಮಿಕ ಸಂಘದ ಕಾರ್ಯದರ್ಶಿ ಆ ಕೈಯನ್ನು ತಟ್ಟಿ ಆಚೆ ತಳ್ಳಿದ.

"ನೀನು ಮುಟ್ಬೇಡ."

ಜೋರಾಗಿ ಹೇಳಲಿಲ್ಲ. ಸಾವಿನ ಮನೆಯ ಮೌನದಲ್ಲಿ ಅದು ಬೀದಿಯ ತನಕ ಕೇಳಿಸಿತು. ಗುಬ್ಬಿ ಹಿಂದೆ ಸರಿದು ಹೊಸ್ತಿಲಿನಾಚೆ ನಿಂತ. ನಿಂತ ಅಷ್ಟೇ, ಹೋಗಲಿಲ್ಲ.

ಪೆಟ್ಟಿಗೆಯೊಳಗೆ ಉದ್ದಣ್ಣ ಮಲಗಿದ್ದ. ಬಡಗಿ ಹಲಗೆಗೆ ಹಲಗೆ ಸೇರಿಸಿ ಉದ್ದ ಮಾಡಿದ್ದರೂ ಮೊಣಕಾಲು ತುಸು ಮಡಿಸಬೇಕಾಗಿ ಬಂದಿತ್ತು. ಬದುಕಿರುವಾಗ ಬಾಗಿಲಿಗೆಲ್ಲ ತಲೆ ಬಗ್ಗಿಸಿದವನು ಸತ್ತ ಮೇಲಾದರೂ ನೆಟ್ಟಗೆ ಮಲಗಬಾರದೇ ಎಂದು ಯಾರೋ ಗೊಣಗಿದರು. ಸುತ್ತ ನಿಂತವರೆಲ್ಲ ಹಿಂದೊಮ್ಮೆ ಹೂಡಿದ ಮುಷ್ಕರ ಮುರಿದು ಬಿದ್ದ ಮೇಲೆ ವಿಮಾನದ ಕಾರ್ಖಾನೆಯಿಂದ ಹೊರದಬ್ಬಿಸಿಕೊಂಡವರು. ಅಂದು ಮುಷ್ಕರ ಬಿಟ್ಟು ಗೇಟಿನ ಒಳಕ್ಕೆ ಹೋದವನು ಗುಬ್ಬಿ ಒಬ್ಬನೇ.

ಕಾರ್ಯದರ್ಶಿ ಉದ್ದಣ್ಣನ ಹೆಂಡತಿಯ ಬಳಿ ಬಂದು ಕೂತ. ಗುಬ್ಬಿ ಹೆಗಲು ಕೊಟ್ಟರೆ ಉಳಿದ ಮೂವರೂ ಕೈಬಿಡುತ್ತೇವೆ, ಇದು ಹಟವಲ್ಲ, ಸತ್ತವನಿಗೆ ನಾವು ತೋರಿಸುವ ಮರ್ಯಾದೆ ಎಂದ. ತೀರ್ಮಾನ ಮಾತ್ರ ನಿಮ್ಮದೇ ಎಂದ.

ಅವಳು ಹೊಸ್ತಿಲಿನ ಕಡೆ ನೋಡಿದಳು. ಗಂಡ ಹೋದದ್ದು ನಿನ್ನೆಯಷ್ಟೇ. ಅದರ ಮೇಲೆ ತೀರ್ಮಾನ ಬೇರೆ.

*

ಉದ್ದಣ್ಣನೂ ಗುಬ್ಬಿಯೂ ಒಂದೇ ಬೆಂಚಿನವರು. ಕಾರ್ಖಾನೆಯಲ್ಲಿ ಇಬ್ಬರದೂ ತೂತು ಕೊರೆಯುವ ಕೆಲಸ. ತಾವು ಕೊರೆದ ರೆಕ್ಕೆ ಮೇಲೆ ಹೋಗುವುದನ್ನು ಕ್ಯಾಂಟೀನಿನ ಹಿಂದೆ ನಿಂತು ಕತ್ತೆತ್ತಿ ನೋಡುವುದಷ್ಟೇ ಅವರ ಪಾಲಿಗೆ ಬಂದ ಹಾರಾಟ. ಬಿಡಿಭಾಗಗಳಾಗಿ ತಂದು ಮನೆಯಲ್ಲೇ ಜೋಡಿಸಿಕೊಳ್ಳುವ ಪುಟ್ಟ ವಿಮಾನವೊಂದಿತ್ತು. ಯಾರೋ ಅರ್ಧಕ್ಕೆ ಕೈಬಿಟ್ಟಿದ್ದರು. ಅದನ್ನು ಇಬ್ಬರೂ ಸೇರಿ ಕೊಂಡು ಉದ್ದಣ್ಣನ ಹಿತ್ತಲ ಶೆಡ್ಡಿಗೆ ತುಂಬಿದರು. ಸೈಕಲ್ಲಿಗೆ ಬ್ರೇಕು ಹಾಕಿಸಲು ಪುರುಸೊತ್ತಿಲ್ಲದವರಿಗೆ ವಿಮಾನ ಬೇರೆ ಕೇಡು ಎಂದು ಉದ್ದಣ್ಣನ ಹೆಂಡತಿ ಆಡಿಕೊಂಡಿದ್ದಳು.

ಆ ವಿಮಾನದ ಚಕ್ರ ಹೊರುವ ಕಾಲೆಂದರೆ ಬಾಗಿದ ದಪ್ಪ ಉಕ್ಕಿನ ಪಟ್ಟಿ. ವಿಮಾನದ ಹೊಟ್ಟೆಯಲ್ಲಿರುವ ಬ್ರಾಕೆಟ್ಟಿಗೆ ಅದನ್ನು ಬೋಲ್ಟಿನಿಂದ ಬಿಗಿಯಬೇಕು. ಆ ತೂತು ಮೊದಲೇ ಕೊರೆದು ಬಂದಿರುವುದಿಲ್ಲ. ಚಕ್ರ ನೇರ ನಿಂತಿದೆಯೆಂದು ಅಳೆದು ಅಳೆದು ನೋಡಿ, ಕಾಲನ್ನೂ ಬ್ರಾಕೆಟ್ಟನ್ನೂ ಒತ್ತಿ ಹಿಡಿದು, ಎರಡನ್ನೂ ಒಟ್ಟಿಗೆ ಕೊರೆಯಬೇಕು. ಕೂದಲೆಳೆಯಷ್ಟು ಜರುಗಿದರೂ ನೆಲದ ಮೇಲೆ ಓಡುವಾಗ ವಿಮಾನ ಒಂದು ಕಡೆ ಎಳೆಯುತ್ತದೆ. ಬಟ್ಟೆಗೆ ಬಿದ್ದ ತೂತಿಗೆ ತೇಪೆ ಉಂಟು, ಈ ತೂತಿಗಿಲ್ಲ.

ಗುಬ್ಬಿ ಸಣ್ಣಾಳು. ಹೊಟ್ಟೆಯೊಳಗೆ ಮುದುಡಿ ಕೂತು ಬ್ರಾಕೆಟ್ಟು ಹಿಡಿದ. ಉದ್ದಣ್ಣ ಕೆಳಗೆ ಅಂಗಾತ ಮಲಗಿ ಡ್ರಿಲ್ಲು ಹಿಡಿದ. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ, ದನಿಯಷ್ಟೇ.

"ಗುಬ್ಬೀ, ಹಿಡ್ಕೊಂಡ್ಯೇನೋ?"

"ಹಿಡ್ಕೊಂಡಿದೀನಿ, ನೀನು ಕೊರಿ. ನಿನ್ನ ಕೈ ನಡುಗದಿದ್ರೆ ಸಾಕು."

ಎಡಗಾಲು ಕೂತಿತು. ಬೋಲ್ಟು ಸುತ್ತಿಗೆಯ ಹಂಗಿಲ್ಲದೆ ಬೆರಳಿನ ಒತ್ತಿಗೇ ಜಾರಿ ಒಳಗೆ ಹೋಯಿತು. ಬಲಗಾಲು ಬರುವ ಭಾನುವಾರ ಎಂದುಕೊಂಡರು.

ಆ ಭಾನುವಾರದ ಹೊತ್ತಿಗೆ ಮುಷ್ಕರ ಶುರುವಾಗಿತ್ತು. ಕಾರ್ಖಾನೆಯ ಹಳೇ ಡ್ರಿಲ್ಲುಗಳ ನಡುಕಕ್ಕೆ ಕೆಲಸಗಾರರ ಬೆರಳು ಬೆಳ್ಳಗಾಗಿ, ಮುಟ್ಟಿದ್ದು ತಿಳಿಯದಂತೆ ಸಾಯುತ್ತಿದ್ದವು. ನಡುಕ ಕಡಿಮೆಯಿರುವ ಯಂತ್ರ ಕೊಡಿ, ನಡುವೆ ಒಂದಿಷ್ಟು ಬಿಡುವು ಕೊಡಿ ಎಂದು ಕೇಳಿದ್ದು. ಕಂಪನಿ ಯಂತ್ರ ಬದಲಿಸಲಿಲ್ಲ, ಮನುಷ್ಯರನ್ನು ಬದಲಿಸಿತು. ಮನೆಮನೆಗೆ ಆಳು ಕಳಿಸಿ, ನಾಳೆ ಒಳಗೆ ಬರುವವನಿಗೆ ಮಾತ್ರ ಕೆಲಸ ಎಂದಿತು.

ಗುಬ್ಬಿ ಹೆದರಿದ. ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ಕಿಟಕಿಗೆ ಜಾಲರಿ ಬಡಿದ ವ್ಯಾನಿನಲ್ಲಿ ತಲೆ ತಗ್ಗಿಸಿ ಕೂತು ಗೇಟು ದಾಟಿದ. ಎಲ್ಲರೂ ಉಗಿದರು. ಉದ್ದಣ್ಣ ಉಗಿಯಲಿಲ್ಲ. ಮನೆಗೆ ಬಂದು ಶೆಡ್ಡಿಗೆ ಬೀಗ ಹಾಕಿದ.

*

ಬೀದಿಯಲ್ಲಿ ಕಾರು ನಿಂತಿತು. ಸಮವಸ್ತ್ರದ ಚಾಲಕ ತೋಳಗಲದ ಹೂವಿನ ಚಕ್ರವೊಂದನ್ನು ಹೊತ್ತು ಬಂದ. ಕಂಪನಿಯ ಹೆಸರಿನ ಪಟ್ಟಿ ಅದರ ಮೇಲೆ ಮಿನುಗುತ್ತಿತ್ತು. ಬಾಗಿಲಲ್ಲಿದ್ದವರು ದಾರಿ ಬಿಟ್ಟರು. ಗುಬ್ಬಿಯೂ ಗೋಡೆಗೆ ಒತ್ತಿಕೊಂಡ. ಕಾರ್ಯದರ್ಶಿಯೇ ಎದ್ದು ಎರಡು ಕೈಯಿಂದ ಅದನ್ನು ತೆಗೆದುಕೊಂಡು ಉದ್ದಣ್ಣನ ಕಾಲ ಬಳಿ ಇಟ್ಟ. ಚಾಲಕ ತಲೆಬಾಗಿ ಹೋದ.

ಅವಳು ನೋಡುತ್ತಲೇ ಇದ್ದಳು.

*

ಶೆಡ್ಡಿನ ಬೀಗ ಮುಷ್ಕರವಾಗಿ ಬಹಳ ಕಾಲದ ಮೇಲೆ ತೆರೆದಿತ್ತು. ಆ ಹೊತ್ತಿಗೆ ಉದ್ದಣ್ಣ ಊರವರ ಕಬ್ಬಿಣದ ಗೇಟು ರಿಪೇರಿ ಮಾಡಿಕೊಂಡಿದ್ದ. ವಿಮಾನ ಒಂದು ಕಾಲ ಮೇಲೆ, ಇನ್ನೊಂದು ಬದಿಗೆ ಮರದ ದಿಮ್ಮಿ ಕೊಟ್ಟುಕೊಂಡು ನಿಂತೇ ಇತ್ತು. ರಜೆಯ ದಿನ ಅವನು ಅದರಡಿ ಮಲಗಿ ಬಲಗಾಲನ್ನು ಅಳೆಯುತ್ತಿದ್ದ, ಗುರುತು ಹಾಕುತ್ತಿದ್ದ, ಒರೆಸುತ್ತಿದ್ದ.

ನಾನೇ ಹಿಡಿಯುತ್ತೇನೆ ಎಂದು ಅವಳೊಮ್ಮೆ ಒಳಗೆ ತೂರಲು ಹೋಗಿ ಸೊಂಟ ಸಿಕ್ಕಿಸಿಕೊಂಡಳು. ಅವಳನ್ನು ಈಚೆ ಎಳೆಯುತ್ತ ಉದ್ದಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ.

ಬೇರೆ ಯಾರನ್ನೂ ಅವನು ಕರೆಯಲಿಲ್ಲ.

*

ಅವಳು ಎದ್ದು ನಿಂತಳು. ಹೂವಿನ ಚಕ್ರವನ್ನು ಎತ್ತಿಕೊಂಡು ಗುಬ್ಬಿಯನ್ನು ದಾಟಿ ಬೀದಿಗಿಳಿದು ಚರಂಡಿಯ ಪಕ್ಕ ಒರಗಿಸಿ ಬಂದಳು. ಕಾರ್ಯದರ್ಶಿಯ ಎದುರು ನಿಂತಳು.

"ಇವನನ್ನ ಹೆದರಿಸಿ ಒಳಗೆ ಎಳಕೊಂಡವರ ಹೂವನ್ನ ಎರಡು ಕೈಯಲ್ಲಿ ಇಸ್ಕೊಂಡ್ರಿ. ಹೆದರಿದವನನ್ನ ಬಾಗಿಲಲ್ಲಿ ನಿಲ್ಲಿಸಿದ್ರಿ. ಇದೆಂಥ ಮರ್ಯಾದೆ ಅಣ್ಣ?"

ಅವನು ತನ್ನ ಅಂಗೈಗಳನ್ನು ನೋಡಿಕೊಂಡ.

"ಅಂದು ಉಗಿದವರಲ್ಲಿ ನಾನೂ ಒಬ್ಬಳು," ಎಂದಳು ಅವಳು. "ಆದ್ರೆ ನಿನ್ನೆ ನಮ್ಮನೆಯವ್ರು ಶೆಡ್ಡಲ್ಲಿ ವಿಮಾನದಡಿ ಮಲಗಿದ್ರು. ಅಡುಗೆಮನೇಲಿ ನನಗೆ ಕೇಳಿಸ್ತು. 'ಗುಬ್ಬೀ, ಹಿಡ್ಕೊಂಡ್ಯೇನೋ' ಅಂದ್ರು. ಎಷ್ಟೋ ವರ್ಷದಿಂದ ಮರೆತು ಹಂಗೆ ಕೂಗೋರು, ಕೂಗಿ ಸುಮ್ಮನಾಗೋರು. ನಿನ್ನೇನೂ ಹಂಗೇ ಅಂದ್ಕೊಂಡೆ. ಚಹಾ ತಂದು ಪಕ್ಕದಲ್ಲಿಟ್ಟು ಬಂದೆ. ಆರಿದ ಲೋಟ ತರೋಕೆ ಹೋದಾಗ್ಲೇ ಉಸಿರಿಲ್ಲ ಅಂತ ಗೊತ್ತಾಗಿದ್ದು."

ಹೊಸ್ತಿಲಿನಾಚೆ ಗುಬ್ಬಿ ಬಾಯಿಗೆ ತೋಳು ಒತ್ತಿಕೊಂಡ.

"ಬಾರಪ್ಪ," ಎಂದಳು ಅವಳು. "ಬಂದು ಹಿಡ್ಕೋ."

"ಅತ್ತಿಗೇ..." ಎಂದನಷ್ಟೇ. ಒಳಗೆ ಬಂದ. ಕಾರ್ಯದರ್ಶಿ ಉಳಿದಿಬ್ಬರ ಮುಖ ನೋಡಿ ತನ್ನ ಹಿಡಿಗೆ ಕೈ ಹಾಕಿದ. ಯಾರೂ ಹಿಂದೆ ಸರಿಯಲಿಲ್ಲ.

ನಾಲ್ವರೂ ಬಗ್ಗಿ ಎತ್ತಿದರು. ಪೆಟ್ಟಿಗೆ ನೆಲ ಬಿಟ್ಟದ್ದೇ ಗುಬ್ಬಿಯ ಮೂಲೆ ವಾಲಿತು. ಅಷ್ಟು ಹೊತ್ತು ನಿಂತದ್ದಕ್ಕೆ ಸೋತಿದ್ದಾನೆ ಎಂದುಕೊಂಡು ಇಳಿಸಿ ಮತ್ತೆ ಎತ್ತಿದರು. ಮತ್ತೆ ವಾಲಿತು. ಅವನ ಬೆರಳುಗಳು ಹಿಡಿಯ ಮೇಲೆ ತಾವಾಗಿಯೇ ಬಿಚ್ಚಿಕೊಳ್ಳುತ್ತಿದ್ದವು.

"ಹಿಡಿದಿದೀನೋ ಇಲ್ವೋ, ನಂಗೆ ಗೊತ್ತಾಗೋದೇ ಇಲ್ಲ," ಎಂದ ಗುಬ್ಬಿ ತಗ್ಗಿದ ದನಿಯಲ್ಲಿ. "ಗುಂಡಿ ಹಾಕ್ಕೊಳ್ಳೋಕೂ ಆಗಲ್ಲ. ಹೋದ ವರ್ಷ ಕೆಲಸದಿಂದ ನನ್ನನ್ನೂ ಕಳಿಸಿಬಿಟ್ರು."

ಕಾರ್ಯದರ್ಶಿ ಆ ಕೈಯನ್ನು ತಿರುಗಿಸಿ ನೋಡಿದ. ಬೆರಳುಗಳು ಬುಡದವರೆಗೂ ಸುಣ್ಣದ ಹಾಗೆ ಬೆಳ್ಳಗಿದ್ದವು. ಜೇಬಿನಿಂದ ಕರವಸ್ತ್ರ ತೆಗೆದು, ಗುಬ್ಬಿಯ ಬೆರಳುಗಳನ್ನು ಒಂದೊಂದಾಗಿ ಹಿಡಿಯ ಸುತ್ತ ಮಡಚಿ, ಕೈಯನ್ನೂ ಹಿಡಿಯನ್ನೂ ಸೇರಿಸಿ ಬಿಗಿಯಾಗಿ ಕಟ್ಟಿದ. ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆದ.

ಪೆಟ್ಟಿಗೆ ಮೇಲೆದ್ದಿತು, ಈ ಸಲ ಸಮವಾಗಿ. ಅವಳು ಹಿಂದೆ ನಡೆದಳು. ಬೀದಿಯ ತಿರುವು ದಾಟುವ ಹೊತ್ತಿಗೆ ಭಾರಕ್ಕೆ ಮೂರು ಕೈಗಳು ಕೆಂಪೇರಿದ್ದವು. ಕಟ್ಟಿದ ಕೈ ಮಾತ್ರ ಬೆಳ್ಳಗೇ ಇತ್ತು.