ಜುಮುಕಿಯ ಹಿಂಬದಿ

ಕೃಷ್ಣರಾಜಪೇಟೆಯ ಅಕ್ಕಸಾಲಿ ಸೋಮಾಚಾರಿಯವರಿಗೆ ಒಡವೆಯ ಮುಂಭಾಗ ತೋರಿಸಿದರೆ ಸಾಲದು. ಹಿಂಬದಿ ನೋಡದೆ ಅವರು ಯಾವ ಮಾದರಿಯನ್ನೂ ಒಪ್ಪುವವರಲ್ಲ.

1999ರಲ್ಲಿ ಒಂದು ದಿನ ಸಂತೆಬಾಚಹಳ್ಳಿಯ ಯಶೋದಮ್ಮ ಒಂದು ಚಿತ್ರ ತಂದರು. ಮದುವೆ ಗೊತ್ತಾದ ಮಗಳು ಇಂಟರ್‌ನೆಟ್ಟಿನಲ್ಲಿ ನೋಡಿ ಇಷ್ಟಪಟ್ಟ ಜುಮುಕಿ ಅದು. ಚಿತ್ರದಲ್ಲಿ ಮುಂಭಾಗವಷ್ಟೇ ಇತ್ತು, ಅಡಿಯಲ್ಲಿ ಆ ಪುಟದ ವಿಳಾಸ.

"ಇಂತದೇ ಬೇಕು ಆಚಾರ್ರೇ. ಆಯ್ತದೋ ಇಲ್ವೋ ಶನಿವಾರದೊಳ್ಗೆ ಹೇಳ್ಬುಡಿ. ಇಲ್ದಿದ್ರೆ ಮೈಸೂರಿಗೆ ಓಯ್ತೀವಿ."

ಯಶೋದಮ್ಮನ ತಾಳಿ ಮಾಡಿದ್ದೂ ಇದೇ ಕೈ. ಆ ಮನೆ ಕೈತಪ್ಪುತ್ತದಲ್ಲ ಎಂದು ಆಚಾರಿಯವರಿಗೆ ನಿಜಕ್ಕೂ ಸಂಕಟವಾಯಿತು. ಶುಕ್ರವಾರ ಒಳ್ಳೆ ಗಳಿಗೆ ನೋಡಿಕೊಂಡು, ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಕಲಿಸುವ ಶ್ವೇತಳ ಬಳಿ ಹೋದರು. ಅಲ್ಲಿದ್ದದ್ದು ವಿಂಡೋಸ್ ಬದಲು ಲಿನಕ್ಸ್ ಹಾಕಿದ ಕಂಪ್ಯೂಟರು.

ಶ್ವೇತ ವಿಳಾಸ ಒತ್ತಿದಳು, ಜುಮುಕಿಯ ಪುಟ ತೆರೆಯಿತು. 'ಒಡವೆಯನ್ನು ತಿರುಗಿಸಿ ನೋಡಿ' ಎಂದು ಬರೆದಿತ್ತು. ಆದರೆ ಜುಮುಕಿ ಇರಬೇಕಾದ ಕಡೆ ಹರಿದ ಕಾಗದದ ಚೂರಿನಂಥ ಗುರುತೊಂದೇ ಕಂಡಿತು.

"ಪ್ಲಗಿನ್ ಇಲ್ಲ, ಅದ್ಕೇ ಕಾಣ್ತಿಲ್ಲ" ಎಂದಳು ಶ್ವೇತ.

"ಅಂಗಂದ್ರೇನವ್ವ?"

"ಬ್ರೌಸರ್‌ಗೆ ಸೇರ್ಸೋ ಸಣ್ಣ ಸಲಕರಣೆ. ನಿಮ್ ಪೆಟ್ಟಿಗೇಲಿ ತಂತಿ ಎಳೆಯೋಕೆ ಒಂದು, ಕೆತ್ತೋಕೆ ಒಂದು ಇರಲ್ವಾ? ಇದು ತಿರುಗೋ ಚಿತ್ರ ತೋರ್ಸೋಕೆ."

ಆಚಾರಿಯವರು ಜೇಬಿನಿಂದ ಫ್ಲಾಪಿ ತೆಗೆದರು. "ಪುಟ ನೋಡಾಕೆ ಬೇಕಾಯ್ತದೆ ಅಂತ ನಮ್ ಸೋದರಳಿಯ ಯಾವ್ದೋ ಪ್ಲಗಿನ್ ಕೊಟ್ಟವ್ನೆ. ಇದ್ನೇ ಹಾಕ್ಬುಡು."

"ಇದು ವಿಂಡೋಸ್‌ದು, ಲಿನಕ್ಸ್‌ನಲ್ಲಿ ಓಡಲ್ಲ. ಅದೂ ಅಲ್ದೆ, ಎಲ್ಲಿಂದ ಬಂತು ಅಂತ ಗೊತ್ತಿಲ್ದೇ ಇರೋದನ್ನ ಹಾಕೋದೆಂಗೆ? ಯಾರೋ ತಂದ ಚಿನ್ನನ ಒರೆಗೆ ಹಚ್ದೆ ತಕೊಂಡೀರಾ ನೀವು?"

ಆಚಾರಿಯವರು ಫ್ಲಾಪಿಯನ್ನು ಮೆಲ್ಲಗೆ ಜೇಬಿಗೆ ಸೇರಿಸಿದರು.

ಶ್ವೇತ ಪ್ಲಗಿನ್ ತಯಾರಿಸಿದವರ ಪುಟಕ್ಕೇ ಹೋಗಿ ಲಿನಕ್ಸಿನ ಕಡತ ಇಳಿಸತೊಡಗಿದಳು. ಅರ್ಧಕ್ಕೆ ಇಂಟರ್‌ನೆಟ್ಟಿನ ಫೋನ್ ಸಂಪರ್ಕ ಕಡಿದುಹೋಯಿತು. ಮತ್ತೆ ಮೊದಲಿನಿಂದ! ಮುಕ್ಕಾಲು ಗಂಟೆಯ ಮೇಲೆ ಕಡತ ಬಂತು. ಒತ್ತಿ ಕಟ್ಟಿದ್ದ ಆ ಕಡತದ ಗಂಟು ಬಿಚ್ಚಿದಳು, ಜೊತೆಗಿದ್ದ ಸೂಚನೆ ಓದಿದಳು. ಅದರಲ್ಲಿ ಹೇಳಿದಂತೆ ತನ್ನ ಖಾತೆಯ ಪ್ಲಗಿನ್ ಫೋಲ್ಡರಿಗೆ ನಕಲು ಮಾಡಿದಳು.

"ಈಗ ಬ್ರೌಸರ್ ಪೂರ್ತಿ ಮುಚ್ಚಿ ತಿರ್ಗಾ ತೆಗೀರಿ" ಎಂದು ಹೇಳಿ ಪಕ್ಕದ ಕೋಣೆಗೆ ಪಾಠಕ್ಕೆ ಹೋದಳು. ಹತ್ತು ನಿಮಿಷ ಬಿಟ್ಟು ಬಂದರೆ ಅದೇ ಹರಿದ ಚೂರು, ಎದುರಿಗೆ ಮುಖ ಊದಿಸಿಕೊಂಡ ಆಚಾರಿಯವರು.

"ಬುಡವ್ವ, ಇದು ಆಗೋ ಕೆಲ್ಸ ಅಲ್ಲ."

"ಮುಚ್ಚಿ ತೆಗೆದ್ರಾ?"

ಆಚಾರಿಯವರು ಗಡ್ಡ ಕೆರೆದುಕೊಂಡರು. "ಒಳ್ಳೆ ಗಳಿಗೇಲಿ ತೆಗ್ಸಿದ್ದಲ್ವಾ? ಮದ್ವೆ ಒಡವೆ ಕೆಲ್ಸ ಹಿಡುದ್ರೆ ಮುಗಿಯೋಗಂಟ ನಮ್ಮನೇಲಿ ಅಗ್ಗಿಷ್ಟಿಕೆ ಆರ್ಸಾಕಿಲ್ಲ. ಅದ್ಕೇ ಮುಚ್ಲಿಲ್ಲ."

ಶ್ವೇತಳಿಗೆ ನಗು ಉಕ್ಕಿ ಬಂತು. ಆದರೆ ನಗಲಿಲ್ಲ. "ಆಚಾರ್ರೇ, ಈ ಬ್ರೌಸರ್ ತನ್ನ ಪೆಟ್ಟಿಗೆ ನೋಡ್ಕೊಳೋದು ಕೆಲ್ಸಕ್ಕೆ ಕೂರೋವಾಗ ಒಂದೇ ಸಲ. ಆಮೇಲೆ ಇಟ್ಟಿದ್ದು ಅದಕ್ಕೆ ಗೊತ್ತಾಗಲ್ಲ. ಎದ್ದು ಮತ್ತೆ ಕೂರ್ಬೇಕು. ಬೆಂಕಿ ಆರಲ್ಲ, ಕಂಪ್ಯೂಟರ್ ಉರೀತಾನೇ ಇರ್ತದೆ."

ಆಚಾರಿಯವರು ಪರದೆಗೆ ಕೈಮುಗಿದು ಬ್ರೌಸರ್ ಮುಚ್ಚಿದರು. ಮತ್ತೆ ತೆರೆದರು. ಹರಿದ ಚೂರು ಮಾಯವಾಗಿತ್ತು. ಜುಮುಕಿ ನಿಧಾನವಾಗಿ ತಿರುಗಿತು. ಉಸಿರು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದರು.

"ಅಯ್ ಶಿವನೇ, ಕೊಂಡಿಗೆ ಒಂದೇ ಬೆಸುಗೆ! ಇದು ಆರು ತಿಂಗ್ಳೂ ತಡಿಯಾಕಿಲ್ಲ. ನಾನು ಎರಡು ಹಾಕ್ತೀನಿ."

ಶನಿವಾರ ಬೆಳಿಗ್ಗೆ ಅವರು ಯಶೋದಮ್ಮನಿಗೆ ಹೇಳಿದ ಮೊದಲ ಮಾತೂ ಅದೇ. ಆಕೆ ಮೈಸೂರಿನ ಹೆಸರೆತ್ತಲಿಲ್ಲ.

ಓದುಗರೇ, ನಿಮ್ಮ ಲಿನಕ್ಸ್ ಪರದೆಯಲ್ಲೂ ಇಂಥ ಹರಿದ ಚೂರು ಕಂಡರೆ ಬೇಸರಪಡಬೇಡಿ. ತಯಾರಿಸಿದವರ ಪುಟದಿಂದಲೇ, ಲಿನಕ್ಸಿಗೆಂದೇ ಇರುವ ಪ್ಲಗಿನ್ ಇಳಿಸಿಕೊಳ್ಳಿ. ಸೂಚನೆ ಓದಿ ಸೇರಿಸಿ. ಆಮೇಲೆ ಧೈರ್ಯವಾಗಿ ಬ್ರೌಸರ್ ಮುಚ್ಚಿ ತೆರೆಯಿರಿ. ಒಳ್ಳೆ ಗಳಿಗೆ ಎಲ್ಲಿಗೂ ಓಡಿಹೋಗುವುದಿಲ್ಲ.