ಹುಳುಮನೆಯ ಬಲೆಬಾಗಿಲು

ಯಾರಿಗೂ ಹೇಳಿಲ್ಲ, ನನಗೆ ನಾನೇ ಹೇಳಿಕೊಳ್ಳಲೂ ನಾಚಿಕೆ: ಕಾದಂಬರಿಯ ಹುಡುಗಿ ಕಣ್ಣು ಮುಚ್ಚಿ ಪ್ರಾರ್ಥಿಸುವ ಪುಟ ಬಂದರೆ ಈಚೆಗೆ ನನ್ನ ಕಣ್ಣೂ ಮುಚ್ಚಿಕೊಳ್ಳುತ್ತವೆ. ಮೊನ್ನೆ ಅವಳ ಜೊತೆ ‘ಆಮೆನ್’ ಎಂದೇಬಿಟ್ಟೆ. ಕುರುಡುಮಲೆಯ ಗಣಪತಿ ಬೇಜಾರು ಮಾಡಿಕೊಂಡನೇನೋ ಎಂದು ಆಮೇಲೆ ಬಹಳ ಹೊತ್ತು ಓದಲಾಗಲಿಲ್ಲ. ಡೈರಿಯಲ್ಲಿ ಇದನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ.

ಪುಸ್ತಕಗಳು ರೋಸಲಿನ್‌ಳವು. ಡಿಗ್ರಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಕೆಜಿಎಫ್ ಹುಡುಗಿ. ಅವಳ ಅಜ್ಜಿ ಓದಿ ಓದಿ ಮೆತ್ತಗಾದ ಇಂಗ್ಲಿಷ್ ಕಾದಂಬರಿಗಳು. ಎಲ್ಲದರಲ್ಲೂ ಕುದುರೆಗಾಡಿಯ ಕಾಲ, ಸಮುದ್ರದ ದಡದಲ್ಲೊಂದು ಕಲ್ಲಿನ ಬಂಗಲೆ, ಬೀಗ ಹಾಕಿದ ಒಂದು ಕೋಣೆ. ಪಾದ್ರಿಯ ಅನಾಥ ಮಗಳು ಅಲ್ಲಿಗೆ ಕೆಲಸಕ್ಕೆ ಬರುತ್ತಾಳೆ. ಬೀಗದ ಹಿಂದೆ ಯಾರೋ ನಡೆದಾಡುತ್ತಾರೆ. ಬಂಗಲೆಯ ಯಜಮಾನ ದೇವರ ಮೇಲೆ ಮುನಿಸಿಕೊಂಡವನು, ನಗುವುದೇ ಇಲ್ಲ. ಕೊನೆಗೆ ಗುಟ್ಟು ಬಯಲಾಗಿ, ಅವನು ಚರ್ಚಿನ ಮೆಟ್ಟಿಲು ಹತ್ತಿ, ನನ್ನನ್ನು ಮದುವೆಯಾಗುತ್ತೀಯಾ ಎಂದು ಅವಳನ್ನು ಕೇಳುತ್ತಾನೆ. ನನಗೆ ಗುಟ್ಟಿಗಿಂತ ಆ ಪುಟ ಇಷ್ಟ. ಅವಳು ಕಿಟಕಿಯವರೆಗೆ ಹೋಗುತ್ತಾಳೆ, ಅಳುತ್ತಾಳೆ, ಪ್ರಾರ್ಥಿಸುತ್ತಾಳೆ. ಅವನು ಅಷ್ಟು ಹೊತ್ತೂ ಉತ್ತರಕ್ಕಾಗಿ ನಿಂತೇ ಇರುತ್ತಾನೆ.

ನಾನು ಇವನ್ನು ಓದುವುದು ನಮ್ಮ ರೇಷ್ಮೆಹುಳುವಿನ ಮನೆಯಲ್ಲಿ. ಹೋದ ಬೆಳೆಗೆ ರೋಗ ತಗುಲಿ ಹುಳುವೆಲ್ಲ ಗುಂಡಿಗೆ ಹೋದ ಮೇಲೆ ಅಪ್ಪ ಒಂದು ಕಟ್ಟುಪಾಡು ಮಾಡಿದರು. ಹುಳು ಮೇವು ಬಿಟ್ಟು ಪೊರೆ ಕಳಚಲು ಮಲಗುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಹುಳು ಗೂಡು ಕಟ್ಟುವವರೆಗೆ ಒಳಗೆ ಒಬ್ಬರೇ ಇರಬೇಕು. ಅವರು ಹೊರಗೆ ಬರುವಂತಿಲ್ಲ, ಹೊರಗಿನವರು ಬಾಗಿಲಿನ ಸುಣ್ಣದ ಗೆರೆ ದಾಟುವಂತಿಲ್ಲ. ಸೊಪ್ಪು, ಊಟ ಎರಡೂ ನೊಣ ತಡೆಯುವ ಬಲೆಬಾಗಿಲಿಗೇ ಬರುತ್ತವೆ.

“ನೀನೇ ಇರು ಕಣೇ ಚಂದನ. ನೀನ್ ಎಲ್ಲಿದ್ರೂ ಒಂದೇ,” ಎಂದರು ಅಪ್ಪ, ಹೊಗಳುವ ದನಿಯಲ್ಲೇ.

ಊಟ ತಂದ ಅಮ್ಮನಿಗೆ ಒಂದು ದಿನ ಪುಸ್ತಕ ಕಂಡಿತು. ಮುಖಪುಟದ ಮೇಲೆ ದೀಪ ಹಿಡಿದ ಹುಡುಗಿ, ಹಿಂದೆ ಚರ್ಚಿನ ಶಿಲುಬೆ.

“ಅದೇನೇ ಅದು? ಎತ್ತಿ ತೋರ್ಸು. ಅಯ್ಯೋ ದೇವ್ರೇ, ಇದನ್ನ ಕೊಟ್ಟೋನು ಯಾವನೇ ಅವ್ನು?”

ಯಾರೂ ಇಲ್ಲ, ಇದು ಬರೀ ಕಥೆ ಎನ್ನಬಹುದಿತ್ತು. ಅಷ್ಟು ದೊಡ್ಡ ತಪ್ಪನ್ನು ಎಲ್ಲಿಂದ ತಿದ್ದಬೇಕೋ ತಿಳಿಯದೆ ತಟ್ಟೆ ನೋಡುತ್ತ ಕುಳಿತೆ.

“ಬಾಯೇ ಬಿಡ್ತಿಲ್ಲ ಅಂದ್ರೆ ನಿಜಾನೇ,” ಎಂದು ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೋದಳು. ನಾಳೆ ನಾನು ಜಾತಿ ಬಿಟ್ಟು ಓಡಿಹೋಗುತ್ತೇನೆಂದು ಅಪ್ಪನಿಗೆ ಅದೇನು ಹೇಳಿದಳೋ, ಶ್ರೀನಿವಾಸಪುರದಿಂದ ಗಂಡಿನವರು ಬರುವುದು ಆ ವಾರಕ್ಕೇ ನಿಶ್ಚಯವಾಯಿತು. ಹುಳು ಗೂಡು ಕಟ್ಟುವವರೆಗೆ ಕಾಯುವಂತಿರಲಿಲ್ಲ, ಆಷಾಢ ಬಂದುಬಿಡುತ್ತಿತ್ತು.

ಅವರು ಬಂದ ದಿನ ಅಮ್ಮ ಬಲೆಯಾಚೆಯಿಂದಲೇ ರೇಷ್ಮೆ ಸೀರೆ, ಹೂವು ಒಳಗೆ ಕೊಟ್ಟಳು. “ಇವತ್ತೇ ತಾಂಬೂಲ ಬದಲಾಯಿಸ್ಕೊಳ್ಳೋದು. ಆಮೇಲೆ ಮುರಿದ್ರೆ ನಿಮ್ಮಪ್ಪ ಊರಲ್ಲಿ ತಲೆ ಎತ್ಕೊಂಡ್ ತಿರುಗೋ ಹಂಗಿಲ್ಲ. ಏನ್ ಕೇಳಿದ್ರೂ ನಾನ್ ಹೇಳ್ತೀನಿ, ನೀನ್ ಸುಮ್ನಿರು.”

ಸುಮ್ಮನಿರುವುದು ನನಗೆ ಯಾವತ್ತೂ ಕಷ್ಟವಾಗಿರಲಿಲ್ಲ.

ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಮಾವಿನಹಣ್ಣಿನ ಪೆಟ್ಟಿಗೆ. ನಾನು ಒಳಗೆ, ಬಲೆಗೆ ಹತ್ತಿರವಾಗಿ, ಬೆಳಕು ಬೀಳುವ ಕಡೆ ನಿಂತೆ. ಹುಡುಗನ ತಾಯಿ ಶಾಮಲಮ್ಮ ಬಗ್ಗಿ ನೋಡಿ ಅಮ್ಮನ ಕಡೆ ತಿರುಗಿದರು.

“ಏಮ್ಮಾ ವೆಂಕಟರತ್ನಮ್ಮ, ಪೊಲೀಸ್ ಸ್ಟೇಷನ್ನಲ್ಲಿ ಹೆಣ್ ನೋಡ್ದಂಗಾಯ್ತಲ್ಲ ನಮ್ ಕಥೆ!”

ಎಲ್ಲರೂ ನಕ್ಕರು. “ಪಿಲ್ಲ ಬಾಗುಂದಿ, ಲಕ್ಷಣವಾಗವ್ಳೆ. ಒಬ್ಳೇ ಒಳಗೆ ಹೊತ್ತು ಹೆಂಗಮ್ಮ ಕಳೀತೀಯ?”

“ರಾಮಕೋಟಿ ಬರೀತಾಳೆ,” ಎಂದಳು ಅಮ್ಮ. ಒಂದಿಷ್ಟೂ ತಡವರಿಸಲಿಲ್ಲ.

“ಹೌದಾಮ್ಮ! ನಂದೂ ಅರ್ಧಕ್ಕೇ ನಿಂತೈತೆ, ಕೈ ನಡುಗುತ್ತೆ. ಇವ್ಳ ಕೈಲೇ ಬರೆಸ್ತೀನಿ ಬಿಡು.”

ಪುಸ್ತಕ ನನ್ನ ಬೆನ್ನ ಹಿಂದೆ ಹಿಪ್ಪುನೇರಳೆ ಕಟ್ಟಿನ ಕೆಳಗಿತ್ತು. ಶ್ರೀನಿವಾಸಪುರದ ಅವರ ಮನೆಯಲ್ಲಿ ಕುಳಿತು, ನಾನಲ್ಲದ ಒಬ್ಬ ಹುಡುಗಿ ದಿನವೂ ರಾಮ ರಾಮ ಎಂದು ಬರೆಯುತ್ತಿರುವುದು ಕಣ್ಣಿಗೆ ಕಟ್ಟಿತು. ಅವಳು ಬರೆಯುವುದನ್ನು ನಿಲ್ಲಿಸುವಂತೆಯೇ ಇರಲಿಲ್ಲ.

ಹುಡುಗ ಕದಿರೇಶ್ ಕೆಟ್ಟವನಂತೆ ಕಾಣಲಿಲ್ಲ. ಹಣ್ಣಿನ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನಂತೆ. ಸುಣ್ಣದ ಗೆರೆಯವರೆಗೆ ಬಂದು, “ನಿಮಗೆ ಏನಾದ್ರೂ...” ಎಂದ.

“ಒಪ್ಗೇನೇ ಕಣಪ್ಪ,” ಎಂದಳು ಅಮ್ಮ. “ಇಲ್ದಿದ್ರೆ ಇಷ್ಟೊತ್ತು ನಿಂತಿರ್ತಿದ್ಳಾ?”

ಅವನು ತಲೆಯಾಡಿಸಿದ. ಹಗುರಾದವನಂತೆ ಅಪ್ಪನ ಕಡೆ ತಿರುಗಿ, “ಎಷ್ಟು ಮೊಟ್ಟೆ ಹುಳು ಸಾಕಿದೀರಾ ಮಾವ?” ಎಂದ. ಮಾವ!

ಅಪ್ಪ ತಟ್ಟೆ ಎತ್ತಿಕೊಂಡರು. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಎಲ್ಲ ಇತ್ತು. ಶಾಮಲಮ್ಮ ಸೆರಗು ಹೊದ್ದು ಎದ್ದು ನಿಂತರು. ಪೂರ್ವ ಯಾವ ಕಡೆ ಎಂದು ಸ್ವಲ್ಪ ಮಾತಾಯಿತು. ನನ್ನ ಹಿಂದೆ ಹುಳುಗಳು ಸೊಪ್ಪು ಕತ್ತರಿಸುತ್ತಲೇ ಇದ್ದವು.

“ಅಪ್ಪ,” ಎಂದೆ. ಯಾರಿಗೂ ಕೇಳಲಿಲ್ಲ. ಬಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. “ಅಪ್ಪಾ!”

ಅಮ್ಮ ಕಣ್ಣು ಬಿಟ್ಟು ನೋಡಿದಳು. ಅಪ್ಪ ತಟ್ಟೆ ಹಿಡಿದೇ ತಿರುಗಿದರು.

“ಏನಮ್ಮ, ಸೊಪ್ಪು ಮುಗೀತಾ?”

“ಸೊಪ್ಪಲ್ಲ ಅಪ್ಪ. ನಂಗೆ ಈ ಮದುವೆ ಬೇಡ.”