ಮೂವತ್ತೊಂದು ರುಜು

ಕುರ್ಚಿ ತೋರಿಸುವ ಮೊದಲು ವಿದ್ಯಾ ಇಲಾಖೆ ಕಚೇರಿಯ ಗುಮಾಸ್ತ ಷಡಕ್ಷರಿಯವರು ಅದನ್ನು ಮೇಜಿನ ಮೂಲೆಯಿಂದ ಎರಡು ಮೊಳ ಆಚೆಗೆ ಎಳೆದರು. ಆಮೇಲೆ ರಾಜೀಮತಿಯ ಬೆನ್ನ ಹಿಂದೆ, ಬಾಗಿಲ ಕಡೆ ಇಣುಕಿದರು.

“ಜೊತೇಲಿ ಯಾರು ಬಂದಿದಾರಮ್ಮಾ?”

“ಯಾರೂ ಇಲ್ಲ. ನಾನೊಬ್ಬಳೇ.”

“ಒಬ್ಬರೇ? ಚನ್ನರಾಯಪಟ್ಟಣದಿಂದ ಹಾಸನಕ್ಕೆ, ಬಸ್ಸಲ್ಲಿ?”

ಹೆಂಗಸರ ಬಗ್ಗೆ ಕಾಳಜಿ ಇರುವ ಮನುಷ್ಯ ಎಂದುಕೊಂಡಳು ರಾಜೀಮತಿ. ಮೂವತ್ತಾರು ವರ್ಷದ ಅವಳು ಹದಿನಾಲ್ಕು ವರ್ಷದಿಂದ ತನ್ನೂರಿನ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಮೇಷ್ಟ್ರಮ್ಮ. ಮದುವೆಯಾಗಿ ನುಗ್ಗೇಹಳ್ಳಿಗೆ ಹೋದವಳು ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಅಪ್ಪ ಬದುಕಿದ್ದಾಗಲೇ ಮೈಸೂರಿಗೆ ಕಳಿಸಿ ಟ್ರೈನಿಂಗ್ ಮಾಡಿಸಿದ್ದರು. ಈಗ ಅರಕಲಗೂಡಿನ ಸ್ಕೂಲಿಗೆ ಹೆಡ್‌ಮಿಸ್ಟ್ರೆಸ್ ಬೇಕಾಗಿತ್ತು. ಸರದಿ ಪ್ರಕಾರ ಬರಬೇಕಾದದ್ದು ಅವಳ ಹೆಸರು. ಪಟ್ಟಿಯಲ್ಲಿ ಬಂದದ್ದು ನೀಲಾಂಬಿಕೆಯದು. ನೀಲಾಂಬಿಕೆ ನಾಲ್ಕು ವರ್ಷ ಕಿರಿಯಳು, ಪಾಠದ ಟಿಪ್ಪಣಿ ಬರೆಯುವುದನ್ನು ರಾಜೀಮತಿಯಿಂದಲೇ ಕಲಿತವಳು. ಯಾಕೆ ಹೀಗಾಯಿತು ಎಂದು ಕೇಳಲು ಒಂದು ದಿನ ರಜೆ ಹಾಕಿ, ಮನೆಯಲ್ಲೂ ಹೇಳದೆ ಬಂದಿದ್ದಳು.

ಕೇಳಿದಳು. ಷಡಕ್ಷರಿಯವರು ಡ್ರಾಯರ್ ಎಳೆದು, ಬೀರುವಿನ ಬೀಗದ ಕೈ ಗೊಂಚಲು ತೆಗೆದು, ಅವಳ ಬಲಗೈಗೆ ಎಟಕುವ ಹಾಗೆ ಮೇಜಿನ ಮೇಲಿಟ್ಟರು.

“ಇದ್ಯಾಕೆ?”

“ಇರಲಿ ಬಿಡಿ. ಹಾಗೇನಾದ್ರೂ ಅನ್ನಿಸಿದ್ರೆ ಹಿಡ್ಕೊಳ್ಳಿ.”

ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡುತ್ತಾರೆ ಎಂಬುದು ರಾಜೀಮತಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದು ತನಗಾಗಿ ಇಟ್ಟದ್ದು ಎಂದು ಅವಳಿಗೆ ಹೊಳೆಯುವುದಾದರೂ ಹೇಗೆ? ಅವಳು ಗೊಂಚಲನ್ನು ಪಕ್ಕಕ್ಕೆ ಸರಿಸಿದಳು. ಷಡಕ್ಷರಿಯವರು ಅವಳನ್ನು ಒಂದು ಗಳಿಗೆ ನೋಡಿದರು.

“ನಿಮ್ಮನ್ನ ನೋಡಿದ್ರೆ ಹಾಗನ್ಸೋದಿಲ್ಲ. ತೋರಿಸಬಾರದು, ಆದ್ರೂ ನೋಡಿ” ಎಂದು ಫೈಲನ್ನು ಅವಳ ಕಡೆಗೆ ತಿರುಗಿಸಿದರು.

ಐವತ್ತನಾಲ್ಕನೇ ಇಸವಿಯ ಒಂದು ಮನವಿ. ‘ನಮ್ಮ ಊರಿನ ಮಗಳಾದ ರಾಜೀಮತಿಯವರು ಮೂರ್ಛೆರೋಗದಿಂದ ನರಳುತ್ತಿರುವುದು ಊರಿಗೆಲ್ಲಾ ತಿಳಿದ ವಿಷಯ. ಪರಸ್ಥಳದಲ್ಲಿ ಒಂಟಿಯಾಗಿದ್ದಲ್ಲಿ ಪ್ರಾಣಕ್ಕೆ ಅಪಾಯ. ದಯಾಳುಗಳಾದ ತಾವು ಅವರ ವರ್ಗಾವಣೆ ರದ್ದು ಮಾಡಿ ಯಾವಾಗಲೂ ನಮ್ಮಲ್ಲೇ ಇರಿಸಬೇಕಾಗಿ ಪ್ರಾರ್ಥನೆ.’ ಕೆಳಗೆ ಮೂವತ್ತೊಂದು ರುಜು.

ಮೊದಲನೆಯದು ಅಣ್ಣ ಶಾಂತರಾಜಯ್ಯನದು. ಎರಡನೆಯದು ಊರಿನ ಡಾಕ್ಟರು ತಿಮ್ಮಪ್ಪನವರದು. ಬಸ್ ಏಜೆಂಟ್ ಚಲುವಯ್ಯ. ಜೊತೆಯ ಮೇಷ್ಟ್ರಮ್ಮ ದೊಡ್ಡತಾಯಮ್ಮ. ಎಂಟನೆಯದು ಅಮ್ಮ ಅನಂತಮ್ಮನದು, ನಡುಗುವ ಅಕ್ಷರ, ‘ನಂ’ಗೆ ಸೊನ್ನೆ ಬಿಟ್ಟುಹೋಗಿತ್ತು. ಅಲ್ಲಿಂದ ಮುಂದೆ ಸಾಲಾಗಿ ಹನ್ನೊಂದು ಹೆಂಗಸರ ಹೆಸರು. ಆ ಹನ್ನೊಂದು ಜನಕ್ಕೂ ರುಜು ಹಾಕಲು ಕಲಿಸಿದ್ದು ರಾಜೀಮತಿಯೇ. ಸ್ಕೂಲು ಬಿಟ್ಟ ಮೇಲೆ ಜಗಲಿಯಲ್ಲಿ ಕೂರಿಸಿಕೊಂಡು, ಕೈ ಹಿಡಿದು ತಿದ್ದಿಸಿ, ಇನ್ನು ಮೇಲೆ ಯಾರೂ ಹೆಬ್ಬೆಟ್ಟು ಒತ್ತಬೇಡಿ ಎಂದಿದ್ದಳು. ಒತ್ತಿರಲಿಲ್ಲ. ಕೊನೆಯ ಒಂದೇ ಒಂದು ಹೆಬ್ಬೆಟ್ಟು ಸ್ಕೂಲಿನ ಆಯಾ ಚಿಕ್ಕಲಕ್ಷ್ಮಮ್ಮನದು.

“ಐವತ್ತೇಳರಲ್ಲೊಂದು, ಐವತ್ತೊಂಬತ್ತರಲ್ಲೊಂದು, ಹೀಗೇ ಇದೆ” ಎಂದರು ಷಡಕ್ಷರಿ.

ಮೂರು ಸಲ ವರ್ಗವಾಗಿತ್ತು, ಮೂರು ಸಲವೂ ರದ್ದಾಗಿತ್ತು. ಮೂರು ಸಲವೂ ಸ್ವಾಮಿಯ ದಯೆ ಎಂದು ಬೆಳ್ಗೊಳಕ್ಕೆ ಹೋಗಿ, ಬರಿಗಾಲಲ್ಲಿ ಬೆಟ್ಟ ಹತ್ತಿ ಬಂದಿದ್ದಳು.

“ನನಗೆ ಆ ರೋಗ ಇಲ್ಲ” ಎಂದಳು. ಹೇಳುವಾಗ ತನ್ನ ದನಿ ತನಗೇ ಸುಳ್ಳಿನ ಹಾಗೆ ಕೇಳಿಸಿತು.

“ಇಲ್ಲ ಅಂತ ದೊಡ್ಡಾಸ್ಪತ್ರೆ ಡಾಕ್ಟರ ಹತ್ರ ಬರೆಸಿಕೊಂಡು ಬನ್ನಿ. ಅವರು ನೋಡೋದು ಬೆಳಗ್ಗೆ ಮಾತ್ರ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಸಾಹೇಬರು ಆರ್ಡರಿಗೆ ಸಹಿ ಹಾಕ್ತಾರೆ, ಅದಕ್ಕೆ ಮುಂಚೆ ಆಗಬೇಕು. ಇನ್ನೊಂದು ಮಾತಮ್ಮಾ. ಒಬ್ಬರೇ ಬನ್ನಿ. ಯಾರಾದ್ರೂ ಕೈ ಹಿಡ್ಕೊಂಡು ಬಂದ್ರೆ ಸಾಹೇಬರು ಫೈಲೇ ನಿಜ ಅಂದ್ಬಿಡ್ತಾರೆ.”

ವಾಪಸು ಬರುವ ಬಸ್ಸು ಶಾಂತಿಗ್ರಾಮ ದಾಟುವವರೆಗೂ ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಒಂದೊಂದೇ ನೆನಪಾಗುತ್ತಾ ಹೋಯಿತು. ಬಾವಿಕಟ್ಟೆಗೆ ಹೋದರೆ ಯಾರಾದರೂ ಹಗ್ಗ ಕಿತ್ತುಕೊಂಡು “ನೀನ್ಯಾಕೆ ಸೇದ್ತೀಯ, ಕೊಡು” ಅನ್ನುತ್ತಿದ್ದರು. ಮದುವೆಮನೆಯಲ್ಲಿ ಒಲೆಯ ಹತ್ತಿರ ಸೇರಿಸುತ್ತಿರಲಿಲ್ಲ, ಈಳಿಗೆಮಣೆ ಮುಟ್ಟಗೊಡುತ್ತಿರಲಿಲ್ಲ. ಗಂಡ ಸತ್ತವಳು ಅಂತಲೋ, ಮೇಷ್ಟ್ರಮ್ಮ ಅನ್ನುವ ಗೌರವಕ್ಕೋ ಎಂದು ಅವಳೇ ಎರಡರ ನಡುವೆ ತೂಗಾಡಿಕೊಂಡಿದ್ದಳು. ಚಲುವಯ್ಯ ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಯಾವತ್ತೂ ಕೊಟ್ಟವನಲ್ಲ. ಚಿಕ್ಕಲಕ್ಷ್ಮಮ್ಮ ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡು ಅವಳ ಕ್ಲಾಸಿನ ಹೊಸಲ ಮೇಲೇ ಕೂತಿರುತ್ತಿದ್ದಳು, ಬೇರೆ ಯಾವ ಕ್ಲಾಸಿನ ಮುಂದೂ ಅಲ್ಲ. ಪಾಠ ಕೇಳುವ ಆಸೆ ಪಾಪ ಎಂದುಕೊಂಡು, ಅವಳಿಗೂ ಕೇಳಿಸಲಿ ಅಂತ ರಾಜೀಮತಿ ದನಿ ಏರಿಸಿ ಓದುತ್ತಿದ್ದಳು.

ಹುಟ್ಟಿದೂರಲ್ಲಿ ಬದುಕುವುದೆಂದರೆ ಇಷ್ಟು ಸುಖ ಎಂದು ಅವಳು ನೀಲಾಂಬಿಕೆಗೆ ಎಷ್ಟು ಸಲ ಹೇಳಿದ್ದಳೋ. ನನ್ನ ಹೆಸರು ಹೇಳಬೇಕಾಗಿಲ್ಲ, ನನಗೇನು ಬೇಕು ಅಂತಲೂ ಹೇಳಬೇಕಾಗಿಲ್ಲ, ಎಲ್ಲರಿಗೂ ಎಲ್ಲ ಗೊತ್ತು. ಈಗ ಅದೇ ಮಾತಿಗೆ ಅವಳ ಮೈ ತಣ್ಣಗಾಯಿತು.

ಅಣ್ಣ ಪಾತ್ರೆ ಅಂಗಡಿಯಲ್ಲಿ ತಕ್ಕಡಿಗೆ ಹಿತ್ತಾಳೆ ಕೊಳಗ ಏರಿಸುತ್ತಿದ್ದ.

“ಅಣ್ಣಯ್ಯಾ, ನನಗೆ ಮೂರ್ಛೆರೋಗವಾ?”

ಮೊದಲು ನಕ್ಕ. “ಯಾವನೇ ಅಂದೋನು?”

“ನೀನು. ಮೊದಲನೇ ರುಜು ನಿಂದೇ.”

ಕೊಳಗ ಕೆಳಗಿಳಿಸಿದ. “ಓ, ಅದಾ. ಆವಾಗ್ಲೂ ಅರಕಲಗೂಡಿಗೇ ಹಾಕಿದಾರೆ ಅಂತ ಮೂರು ದಿನ ನಡುಮನೆ ಕಂಬ ಹಿಡ್ಕೊಂಡು ಅತ್ತವಳು ಯಾರು? ‘ಏನಾದ್ರೂ ಮಾಡು ಅಣ್ಣಯ್ಯಾ, ನಾನು ಹೋಗಲ್ಲ’ ಅಂದವಳು ಯಾರು? ನೀನೇ ತಾನೆ? ಏನಾದ್ರೂ ಮಾಡಿದೆ.”

ಹೌದು, ಅತ್ತಿದ್ದಳು. ನುಗ್ಗೇಹಳ್ಳಿಯ ಆ ಎರಡು ವರ್ಷದ ನಂತರ ಊರು ಬಿಡುವುದೆಂದರೆ ಸಾವೇ ಎಂದು ಅನ್ನಿಸಿದ್ದ ಕಾಲ. ಅದು ಪೂರ್ತಿ ಮರೆತುಹೋಗಿತ್ತು.

“ಐವತ್ತೇಳರಲ್ಲಿ ನಾನು ಅಳಲಿಲ್ಲ. ಐವತ್ತೊಂಬತ್ತರಲ್ಲೂ ಅಳಲಿಲ್ಲ.”

“ಅವೆರಡನ್ನ ನಾನು ಕಳಿಸಿದ್ದಲ್ಲ ಕಣೇ, ಆಣೆ. ಊರವರೇ ಬರೆದುಕೊಂಡು ರುಜುಗೆ ನನ್ನ ಹತ್ರ ಬಂದ್ರು. ಬ್ಯಾಡ ಅಂತ ಹೇಗನ್ನಲಿ? ಪ್ರೀತಿಗೆ ಮಾಡಿದ್ದು ಅವರು. ಬೇರೆ ಊರಲ್ಲಿ ನಿನಗೆ ಯಾರು ಮಾಡ್ತಾರೆ ಇಷ್ಟು?”

“ಆದ್ರೆ ಮೂರ್ಛೆ ಅಂತ ಯಾಕೆ? ಆ ಮಾತು ಎಲ್ಲಿಂದ ಬಂತು?”

ಅಣ್ಣ ಮನೆಯ ಕಡೆ ಕೈ ತೋರಿಸಿದ. “ಅಮ್ಮನ್ನ ಕೇಳು.”

ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕಾದ ಜೈನರ ಮನೆ. ಅಮ್ಮ ತಟ್ಟೆ ಹಾಕಿಕೊಂಡು ಪಡುವಣ ಕಿಟಕಿ ನೋಡುತ್ತಾ ಕಾಯುತ್ತಿದ್ದಳು. ರಾಜೀಮತಿ ಕೂರಲಿಲ್ಲ, ನಿಂತೇ ಕೇಳಿದಳು. ಅಮ್ಮ ಬಹಳ ಹೊತ್ತು ಸೌಟನ್ನು ಪಾತ್ರೆಯ ಕಂಠಕ್ಕೆ ಒರೆಸಿದಳು.

“ಐವತ್ಮೂರರಲ್ಲಿ, ಭಾದ್ರಪದದಲ್ಲಿ, ನೀನು ಕ್ಲಾಸಲ್ಲಿ ಬಿದ್ದೆಯಲ್ಲ.”

ದಶಲಕ್ಷಣ ಪರ್ವದ ಕೊನೆಯ ಎರಡು ದಿನ ರಾಜೀಮತಿ ನೀರನ್ನೂ ಮುಟ್ಟದೆ ಉಪವಾಸವಿದ್ದಳು. ಅನಂತ ಚತುರ್ದಶಿಯ ದಿನ ಬೋರ್ಡಿನ ಮೇಲೆ ಬರೆಯುತ್ತಾ ಬರೆಯುತ್ತಾ ಕಣ್ಣು ಕತ್ತಲಿಟ್ಟಿತು. ಎಚ್ಚರವಾದಾಗ ಚಿಕ್ಕಲಕ್ಷ್ಮಮ್ಮನ ತೊಡೆಯ ಮೇಲೆ ತಲೆ ಇತ್ತು, ಬಾಯಲ್ಲಿ ನೀರಿತ್ತು.

“ಉಪವಾಸ ತಡೀಲಾರದೆ ಬಿದ್ಲು, ನೀರು ಕುಡಿದ್ಲು ಅಂತ ಹೇಳಲಾ? ಬಸದೀಲಿ ಮುಖ ಎತ್ತೋಕಾಗುತ್ತಾ? ಕಾಯಿಲೆ ಅಂದ್ರೆ ಅಯ್ಯೋ ಅಂತಾರೆ. ವ್ರತ ಕೆಟ್ಟಿತು ಅಂದ್ರೆ ಸುಮ್ನಿರ್ತಾರಾ? ಕೇಳ್ದೋರಿಗೆ, ‘ಚಿಕ್ಕಂದಿನಿಂದ ಒಂದೊಂದ್ಸಲ ಹಂಗಾಗುತ್ತೆ’ ಅಂದೆ. ಅಷ್ಟೇ ಕಣಮ್ಮ ನಾನಂದದ್ದು.”

“ಅಷ್ಟೇನಾ?”

“ಅಷ್ಟೇ. ಈಗ ಉಣ್ಣು, ಹೊತ್ತು ಹೋಯ್ತು.”

ಉಣ್ಣಲಿಲ್ಲ. ಅಮ್ಮನಿಗೆ ತಾನು ಮಗಳಿಗೆ ಏನು ಮಾಡಿದೆ ಎಂಬುದು ಇನ್ನೂ ತಿಳಿದಿರಲಿಲ್ಲ. ಅದೇ ಹೆಚ್ಚು ದಿಗಿಲಾಯಿತು ಅವಳಿಗೆ.

ಮಾರನೆಯ ಬೆಳಗ್ಗೆ ಬಸ್‌ಸ್ಟ್ಯಾಂಡಿಗೆ ಬಂದರೆ ಅಣ್ಣ ಕೋಟು ಹಾಕಿಕೊಂಡು ಛತ್ರಿ ಹಿಡಿದು ಆಗಲೇ ನಿಂತಿದ್ದ. ಅವನ ಪಕ್ಕದಲ್ಲಿ ಚಿಕ್ಕಲಕ್ಷ್ಮಮ್ಮ. ಏಜೆಂಟ್ ಚಲುವಯ್ಯ, ದೊಡ್ಡತಾಯಮ್ಮ, ಬಾವಿಕಟ್ಟೆಯ ಹೆಂಗಸರು. ಯಾರು ಯಾರಿಗೆ ಹೇಳಿದರೋ.

“ನಾನೂ ಬರ್ತೀನಿ” ಎಂದ ಅಣ್ಣ.

“ಬೇಡ ಅಣ್ಣಯ್ಯಾ. ನಾನೊಬ್ಬಳೇ ಹೋಗಬೇಕು.”

“ಹುಚ್ಚಾ ನಿನಗೆ? ನಿನ್ನೆ ಹೇಳದೆ ಹೋದದ್ದೇ ಹೆಚ್ಚಾಯ್ತು.”

ರಾಜೀಮತಿ ಆಯಾಳ ಕಡೆ ತಿರುಗಿದಳು. “ಚಿಕ್ಕಲಕ್ಷ್ಮಮ್ಮಾ, ಎಂಟು ವರ್ಷದಿಂದ ನನ್ನ ಕ್ಲಾಸಿನ ಬಾಗಿಲಲ್ಲಿ ಕೂತಿದೀಯ. ಆವತ್ತೊಂದು ದಿನ ಬಿಟ್ರೆ ನಾನು ಬಿದ್ದದ್ದು ಕಂಡಿದೀಯಾ? ಎಲ್ಲರ ಮುಂದೆ ಹೇಳು.”

“ಇಲ್ಲ ಕಣ್ ರಾಜವ್ವಾ, ಒಂದಿನಾನೂ ಇಲ್ಲ. ದ್ಯಾವ್ರಾಣೆ.”

ರಾಜೀಮತಿಗೆ ಉಸಿರು ಬಂತು. ಕೇಳಿದೆಯಾ ಎನ್ನುವಂತೆ ಅಣ್ಣನ ಮುಖ ನೋಡಿದಳು.

“ನಾನು ಕಾಯ್ಕಂಡ್ ಕುಂತಿದ್ನಲ್ಲವ್ವಾ, ಅದ್ಕೇಯ ನೀನು ಬೀಳ್ನಿಲ್ಲ” ಎಂದಳು ಚಿಕ್ಕಲಕ್ಷ್ಮಮ್ಮ. “ಅಲ್ಲಿಗೋದ್ರೆ ಯಾರವ್ವ ಕಾಯೋರು? ಅರಕಲ್ಗೂಡ್ನೋರು ನಿನ್ನ ಎತ್ತಾಡ್ಸವ್ರಾ?”

“ಅದೂ ಸರಿಯೇ” ಅಂದಳು ದೊಡ್ಡತಾಯಮ್ಮ.

“ನನಗೇನೂ ಆಗಿಲ್ಲ!” ರಾಜೀಮತಿ ಕಿರುಚಿದಳು. ಕ್ಲಾಸಿನಲ್ಲೂ ಅಷ್ಟು ಗಟ್ಟಿಯಾಗಿ ಕೂಗಿದವಳಲ್ಲ. “ಏನೂ ಆಗಿಲ್ಲ ನನಗೆ! ಯಾವತ್ತೂ ಆಗಿರಲಿಲ್ಲ! ನಿಮಗ್ಯಾರಿಗೂ ಕಣ್ಣಿಲ್ವಾ?”

ಕೈ ನಡುಗುತ್ತಿತ್ತು. ಹಣೆಯಲ್ಲಿ ಬೆವರು. ಅಷ್ಟಕ್ಕೇ ಎಲ್ಲರೂ ಒಟ್ಟಿಗೆ, ಎಷ್ಟೋ ದಿನದಿಂದ ಕಲಿತಿಟ್ಟುಕೊಂಡವರ ಹಾಗೆ, ಕೆಲಸಕ್ಕೆ ಇಳಿದರು. ಚಲುವಯ್ಯ ಕಲ್ಲುಬೆಂಚಿನ ಮುಂದಿದ್ದ ಟ್ರಂಕನ್ನು ಅತ್ತ ಎಳೆದ. ಯಾರೋ “ಈರುಳ್ಳಿ ತನ್ನಿ, ಈರುಳ್ಳಿ” ಅಂದರು. ಇಬ್ಬರು ಹೆಂಗಸರು ಬೆನ್ನಿಗೆ ಕೈ ಕೊಟ್ಟರು. ಚಿಕ್ಕಲಕ್ಷ್ಮಮ್ಮ ಸೊಂಟದಿಂದ ಬೀಗದ ಕೈ ಕಿತ್ತು ಅವಳ ಅಂಗೈಗೆ ಒತ್ತಿ, ಅದರ ಮೇಲೆ ತನ್ನ ಎರಡೂ ಕೈ ಮುಚ್ಚಿದಳು.

“ಇಡ್ಕೊ ಕಣವ್ವಾ, ಗಟ್ಟಿಯಾಗಿ ಇಡ್ಕೊ. ನಾವೆಲ್ಲ ಇಲ್ಲೇ ಇದ್ದೀವಿ ಕಣೇ, ಎದರ್‍ಕಬ್ಯಾಡ.”

ಒಂದು ಮುಖದಲ್ಲಾದರೂ ಅಣಕವಿದ್ದಿದ್ದರೆ ಅವಳು ಜಗಳವಾಡುತ್ತಿದ್ದಳು. ಒಬ್ಬರ ಕಣ್ಣಲ್ಲೂ ಇರಲಿಲ್ಲ. ದೊಡ್ಡತಾಯಮ್ಮ ಅಳುತ್ತಿದ್ದಳು. ಬಾವಿಕಟ್ಟೆಯ ಹೆಂಗಸೊಬ್ಬಳು ಸೆರಗಿನಿಂದ ಅವಳ ಹಣೆ ಒರೆಸುತ್ತಿದ್ದಳು. ತಾನು ಇನ್ನೊಂದು ಮಾತು ಕೂಗಿದರೆ, ಕೈ ಕಿತ್ತುಕೊಂಡರೆ, ಅತ್ತರೆ, ಅಷ್ಟೂ ಆ ರೋಗದ ಲೆಕ್ಕಕ್ಕೇ ಹೋಗುತ್ತದೆ ಎಂದು ಆಗ ಅವಳಿಗೆ ಗೊತ್ತಾಯಿತು. ಇಲ್ಲಿ ಸಿಟ್ಟು ಮಾಡಿಕೊಳ್ಳಲೂ ಅವಳಿಗೆ ಜಾಗವಿರಲಿಲ್ಲ.

ಬೀಗದ ಕೈಯನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಹತ್ತು ಸಲ ಉಸಿರಾಡಿದಳು. ಕಣ್ಣು ಬಿಟ್ಟು ನಕ್ಕಳು.

“ಸರಿಹೋಯ್ತು, ಸರಿಹೋಯ್ತು” ಎಂದರು ಎಲ್ಲ.

“ಹೂಂ, ಸರಿಹೋಯ್ತು” ಎಂದಳು ರಾಜೀಮತಿ, ಎಷ್ಟು ಸಾಧ್ಯವೋ ಅಷ್ಟು ಮೆತ್ತಗೆ. “ಅಣ್ಣಯ್ಯಾ, ಅಂಗಡಿ ಬಿಟ್ಟು ನೀನು ಬರಬೇಡ. ಸ್ಕೂಲಿಗೆ ನಾಲ್ಕು ಪುಸ್ತಕ ತರೋದಿದೆ ಅಷ್ಟೇ. ಸಾಯಂಕಾಲ ಊಟದ ಹೊತ್ತಿಗೆ ಬಂದ್ಬಿಡ್ತೀನಿ. ಚಲುವಯ್ಯನೋರು ಡ್ರೈವರಿಗೆ ಹೇಳ್ತಾರೆ, ಅಲ್ವಾ?”

“ನಾನು ಹೇಳ್ತೀನಿ ಬಿಡಿ ಶಾಂತರಾಜಯ್ನೋರೇ, ಡ್ರೈವರ್ ಬೆನ್ ಹಿಂದ್ಲೇ ಕೂರಿಸ್ತೀನಿ” ಎಂದ ಚಲುವಯ್ಯ.

ಅಣ್ಣ ಒಪ್ಪಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಅವಳ ಬಾಯಿಗೆ ಆ ಮಾತು ಅಷ್ಟು ಸಲೀಸಾಗಿ ಬಂದದ್ದಕ್ಕೆ ಬಸ್ಸು ಕೆರೆ ಏರಿ ದಾಟುವವರೆಗೂ ಎದೆ ಹೊಡೆದುಕೊಳ್ಳುತ್ತಿತ್ತು.

ದೊಡ್ಡಾಸ್ಪತ್ರೆಯ ಡಾಕ್ಟರು ಇನ್ನೂ ಚಿಕ್ಕವರು, ಹೊರಗಿನವರು. ಹೆಸರು, ವಯಸ್ಸು, ಊರು ಕೇಳಿ ಬರೆದುಕೊಂಡರು. ನಾಲಗೆ ನೋಡಿದರು, ಕಣ್ಣಿಗೆ ಬೆಳಕು ಬಿಟ್ಟರು, ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು.

“ಯಾವತ್ತಾದ್ರೂ ಪ್ರಜ್ಞೆ ತಪ್ಪಿ ಬಿದ್ದದ್ದುಂಟಾ?”

ಇಲ್ಲ ಎಂದರೆ ಮುಗಿಯುತ್ತಿತ್ತು. ಬೆಳಗ್ಗೆ ಒಂದು ಸುಳ್ಳಾಗಿತ್ತು, ಇದು ಎರಡನೆಯದಾಗುತ್ತಿತ್ತು. ಇದೇ ಪ್ರಶ್ನೆಗೆ ಅಮ್ಮ ಹೇಳಿದ ಒಂದು ಸಣ್ಣ ಸುಳ್ಳು ಎಲ್ಲಿಯವರೆಗೆ ಬಂತು ಎಂದು ನೆನೆದಳು.

“ಒಂದು ಸಲ.”

ಡಾಕ್ಟರ ಪೆನ್ನು ನಿಂತಿತು. “ಯಾಕೆ?”

“ಹಸಿವಿಗೆ. ಉಪವಾಸವಿದ್ದೆ. ಎರಡು ದಿನ ನೀರು ಕುಡಿದಿರಲಿಲ್ಲ. ತಡೀಲಾರದೆ ಬಿದ್ದೆ.”

“ಕುಡೀಬೇಕಿತ್ತು” ಎಂದರು ಡಾಕ್ಟರು. ಬರೆದರು, ಸಹಿ ಹಾಕಿದರು, ಕಾಗದ ಹರಿದು ಕೊಟ್ಟರು. ಅವಳ ಮುಖವನ್ನು ಮತ್ತೆ ನೋಡದೆ ಮುಂದಿನವರನ್ನು ಕರೆದರು.

ಆಸ್ಪತ್ರೆಯ ಜಗಲಿಯಲ್ಲಿ ಕಾಗದ ಓದಿದಳು. ಮೂರ್ಛೆರೋಗದ ಲಕ್ಷಣ ಯಾವುದೂ ಇಲ್ಲ ಎಂದು ಎರಡೇ ಸಾಲು. ಎಂಟು ವರ್ಷದ ವಿಷಯಕ್ಕೆ ಎರಡು ಸಾಲು, ಒಂದು ರುಜು. ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು ರಸ್ತೆಗೆ ಇಳಿದಾಗ ಕಾಲು ಸೋತಂತಾಯಿತು. ನಿನ್ನೆ ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಜನ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ಯಾರೂ ದಾರಿ ಬಿಡಲಿಲ್ಲ, ಒಬ್ಬ ಮೊಣಕೈ ತಾಗಿಸಿಕೊಂಡೇ ಹೋದ. ಇಲ್ಲಿ ಬಿದ್ದರೆ ಹೆಸರು ಹಿಡಿದು ಕೂಗುವವರು ಒಬ್ಬರೂ ಇಲ್ಲ ಎಂಬ ಯೋಚನೆ ಬಂದದ್ದೇ ಅವಳಿಗೆ ನಿಜವಾದ ಹೆದರಿಕೆಯಾಯಿತು. ಅರಕಲಗೂಡಿನಲ್ಲೂ ಹೀಗೇ ಇರುತ್ತದೆ. ಕೋಣೆಯ ಬಾಗಿಲು ಹಾಕಿಕೊಂಡರೆ ತೆಗೆಯುವವರಿಲ್ಲ.

ಬೇಲಿಯ ಹತ್ತಿರ ಬಾಳೆಹಣ್ಣು ಮಾರುತ್ತಿದ್ದ ಹೆಂಗಸಿನಿಂದ ನಾಲ್ಕು ಹಣ್ಣು ತೆಗೆದುಕೊಂಡು, ಅಲ್ಲೇ ಬೀದಿಯಲ್ಲಿ ನಿಂತು, ಒಂದಾದ ಮೇಲೊಂದು ನಾಲ್ಕನ್ನೂ ತಿಂದಳು. ಬೀದಿಯಲ್ಲಿ ನಿಂತು ತಿಂದದ್ದು ಹುಟ್ಟಿದ ಮೇಲೆ ಇದೇ ಮೊದಲು. ಯಾರೂ ತಿರುಗಿ ನೋಡಲಿಲ್ಲ. ಸಿಪ್ಪೆಯನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು, ಹನ್ನೆರಡು ಗಂಟೆಯೊಳಗೆ ಸೇರಬೇಕಲ್ಲ ಎಂದು ಕಚೇರಿಯ ಕಡೆ ಬೇಗಬೇಗ ನಡೆದಳು.